ಬಿಕ್ಕಲಂ ಇಲ್ಲದ ಅರ್ಜಿ

ಬೋಗುಣಿಯಲ್ಲಿ ಇನ್ನೂ ಅರ್ಧದಷ್ಟು ಅವರೆಕಾಳು ಹಿತುಕುವುದು ಬಾಕಿ ಇರುವಾಗಲೇ ಚಿಕ್ಕಲಕ್ಷ್ಮಮ್ಮನ ಕೈ ನಿಂತುಹೋಯಿತು. ನೆನೆದ ಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಮಾತ್ರ ಬೆರಳಿಗೆ ಅಂಟಿಕೊಂಡು ಉಳಿಯಬೇಕು. ಅರವತ್ತೊಂದು ವರ್ಷದ ಕೈಗೆ ಈ ಕೆಲಸ ಯೋಚಿಸದೆ ಬರುತ್ತಿತ್ತು. ಇವತ್ತು ಮಾತ್ರ ಒಂದೊಂದು ಕಾಳಿಗೂ ಯೋಚನೆ ಬರುತ್ತಿತ್ತು. ಈ ಕಾಳು ಮಾರಮ್ಮ ಬುಧವಾರ ಕೊಟ್ಟುಹೋದದ್ದು. ಬೇಡ ಅಂದರೂ ಕೇಳದೆ, ಸೆರಗಿನ ಗಂಟು ಬಿಚ್ಚಿ ಟೈಪಿಂಗ್ ಅಂಗಡಿಯ ಮೇಜಿನ ಮೇಲೆಯೇ ಸೊಗಡಿನ ಕಾಯಿ ಸುರಿದು, ನಮ್ಮ ನೆಲದ್ದು ಕಣಕ್ಕ, ಇನ್ನೆಷ್ಟ್ ವರ್ಷ ಬೆಳ್ಕಂತೀವೋ ಏನೋ, ಅಂದಿದ್ದಳು. ಯಾವ ನೆಲ ಅನ್ನುವುದು ಚಿಕ್ಕಲಕ್ಷ್ಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬಿಳಿಕಲ್ಲುಕೊಪ್ಪಲಿನ ಸರ್ವೆ ನಂಬರ್ ನಲವತ್ತೇಳು, ಎರಡು ಎಕರೆ. ಮಾರಮ್ಮನ ಮಾವನ ಕಾಲದಿಂದ ಉತ್ತುಕೊಂಡು ಬಂದಿದ್ದ ಸರ್ಕಾರದ ಜಮೀನು. ಬಗರ್ ಹುಕುಂನಲ್ಲಿ ಅವಳ ಹೆಸರಿಗೆ ಆಗಬೇಕಾಗಿದ್ದು ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದೂ ಚಿಕ್ಕಲಕ್ಷ್ಮಮ್ಮನಿಗೆ ಗೊತ್ತಿತ್ತು. ಕೈ ತೊಳೆದುಕೊಂಡು, ಬೋಗುಣಿಯ ಮೇಲೆ ತಟ್ಟೆ ಮುಚ್ಚಿ, ಅಡಿಗೆಮನೆಯಿಂದ ಮುಂದಿನ ಅಂಗಡಿಗೆ ಬಂದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ. ಅಂಚೆ ಕಚೇರಿಯ ರಿಜಿಸ್ಟರ್ ಕೌಂಟರ್ ಮೂರಕ್ಕೆ ಮುಚ್ಚುತ್ತದೆ. ಇವತ್ತು ಶುಕ್ರವಾರ.

ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡಲು ಸಾಲಾಗಿ ಕೂತವರಲ್ಲಿ ಮೊದಲು ಕಂಪ್ಯೂಟರ್ ತಂದವಳು ಅವಳೇ. ತೊಂಬತ್ತೆಂಟರಲ್ಲಿ, ಹಾಸನದಲ್ಲಿ ಯಾರೋ ಬಳಸಿಬಿಟ್ಟಿದ್ದನ್ನು ತಂದು ಮೇಜಿನ ಮೇಲೆ ಇಟ್ಟಾಗ ಪಕ್ಕದ ಟೈಪ್‌ರೈಟರಿನವರೆಲ್ಲ ಎದ್ದು ಬಂದು ನೋಡಿದ್ದರು. ಮೂವತ್ತು ವರ್ಷದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ಇದನ್ನು ತಿರುಗಿಸುತ್ತಾಳಂತೆ ಎಂದು ಒಬ್ಬರು ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಆ ನಗುವಿಗೆ ಉತ್ತರ ಕೊಡಬೇಕೆಂಬ ಹಟದಲ್ಲಿಯೇ ಅವಳು ಬೇಗ ಬೇಗ ಮಾಡಲು ಕಲಿತಳು. ಟೈಪ್‌ರೈಟರಿನಲ್ಲಿ ಪ್ರತಿ ಅರ್ಜಿಯನ್ನೂ ಮೊದಲ ಸಾಲಿನಿಂದ ಹೊಡೆಯಬೇಕು, ಹೊಡೆಯುವಾಗ ಕಣ್ಣು ಪ್ರತಿ ಅಂಕಿಯ ಮೇಲೂ ಹಾದುಹೋಗುತ್ತದೆ. ಇದರಲ್ಲಿ ಹಾಗಲ್ಲ. ಹಿಂದಿನವನ ಅರ್ಜಿಯನ್ನೇ ತೆರೆದು, ಹೆಸರು ಬದಲಿಸಿ, ಗಂಡನ ಹೆಸರು ಬದಲಿಸಿ, ಚೆಕ್ಕುಬಂದಿ ಬದಲಿಸಿ, ಬೇರೆ ಹೆಸರಲ್ಲಿ ಇಟ್ಟುಬಿಟ್ಟರೆ ಆಯಿತು. ತೊಂಬತ್ತೊಂಬತ್ತರಲ್ಲಿ ಬಗರ್ ಹುಕುಂ ಅರ್ಜಿ ಹಾಕುವ ಕೊನೆಯ ದಿನ ಅರ್ಜಿದಾರರ ಸಾಲು ಅರಳಿಕಟ್ಟೆಯವರೆಗೂ ಬೆಳೆದಿತ್ತು. ಅವಳು ಕೂತಲ್ಲಿಂದ ಏಳಲಿಲ್ಲ, ನೀರು ಕುಡಿಯಲಿಲ್ಲ. ರುದ್ರಯ್ಯ ಎದ್ದ, ಮಾರಮ್ಮ ಕೂತಳು. ರುದ್ರಯ್ಯನ ಅರ್ಜಿಯ ಮೇಲೆಯೇ ಮಾರಮ್ಮನ ಅರ್ಜಿ ಆಯಿತು. ಹೆಸರು ಹೋಯಿತು, ಗುಂಡಯ್ಯನ ಹೆಂಡತಿ ಎಂದು ಬಂತು. ರುದ್ರಯ್ಯನ ಸರ್ವೆ ನಂಬರ್ ನೂರ ಹನ್ನೆರಡು ಮಾತ್ರ ಇದ್ದಲ್ಲೇ ಉಳಿಯಿತು. ಬರೆದವರು ಅರ್ಜಿಯ ಕೊನೆಗೆ ಬಿಕ್ಕಲಂ ಎಂದು ಬರೆದು ತಮ್ಮ ರುಜು ಹಾಕುವುದು ಈ ಸಾಲಿನವರ ಪದ್ಧತಿ; ಇದನ್ನು ಬರೆದ ಕೈ ನನ್ನದು ಎನ್ನುವ ಒಪ್ಪಿಗೆ. ಬಿಕ್ಕಲಂ ಹಾಕುವ ಮೊದಲು ಒಂದು ಸಲ ಓದಿ ನೋಡುವುದೂ ಪದ್ಧತಿ. ಆ ದಿನ ಮಧ್ಯಾಹ್ನದಿಂದಾಚೆ ಅವಳು ಯಾರ ಅರ್ಜಿಗೂ ಬಿಕ್ಕಲಂ ಹಾಕಲಿಲ್ಲ.

ಅಷ್ಟಾದರೆ ಅದು ತಪ್ಪು. ತಪ್ಪು ಯಾರಿಂದಲಾದರೂ ಆಗುತ್ತದೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಎಂಟು ತಿಂಗಳ ಹಿಂದೆ, ಬಿಸಿಲು ರಣಗುಟ್ಟುವ ದಿನ, ಮಾರಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಕಾಗದವೊಂದನ್ನು ತಂದು ಓದಿ ಹೇಳು ಅಂದಳು. ಅರ್ಜಿ ವಜಾ ಆದ ಆರ್ಡರು. ಎರಡನೇ ಸಾಲಿನಲ್ಲಿಯೇ ನೂರ ಹನ್ನೆರಡು ಇತ್ತು. ಚಿಕ್ಕಲಕ್ಷ್ಮಮ್ಮನ ಕಣ್ಣು ಅದರ ಮೇಲೆ ನಿಂತಿತು, ಮುಂದಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಎದುರಿಗೆ ಮಾರಮ್ಮ ಅವಳ ಬಾಯನ್ನೇ ನೋಡುತ್ತಾ ನಿಂತಿದ್ದಳು. ಓದು ಬಾರದವರು ಓದುವವರ ಬಾಯಿಯನ್ನು ಹೇಗೆ ನೋಡುತ್ತಾರೆ ಅನ್ನುವುದು ಚಿಕ್ಕಲಕ್ಷ್ಮಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಗಂಡ ಸತ್ತ ವರ್ಷ ಯಾವುದೋ ಕಚೇರಿಯಲ್ಲಿ ಗುಮಾಸ್ತನೊಬ್ಬ ಅವಳ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿ, ಕಾಗದಕ್ಕೆ ಒತ್ತಿ, ಆಮೇಲೆ ಆ ಕೈಯನ್ನು ತನ್ನದಲ್ಲದ ಸಾಮಾನಿನಂತೆ ಬಿಟ್ಟಿದ್ದ. ಒರೆಸಿಕೊಳ್ಳಲು ಬಟ್ಟೆ ಇರಲಿಲ್ಲ. ಎಲ್ಲ ಹೆಂಗಸರು ಮಾಡುವಂತೆ ಅವಳೂ ತಲೆಗೂದಲಿಗೆ ಒರೆಸಿಕೊಂಡಿದ್ದಳು. ಅದೇ ತಿಂಗಳು ರಾತ್ರಿ ಶಾಲೆಗೆ ಹೋಗಿ ಗಂಗಾಧರಯ್ಯ ಮೇಷ್ಟರ ಮುಂದೆ ಕೂತದ್ದು. ಅಂಥ ಅವಳು ಅವತ್ತು ಮಾರಮ್ಮನಿಗೆ, ಅಳತೆಯಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆಯಂತೆ, ಮೇಲಕ್ಕೆ ಅಪೀಲು ಹೋಗಬಹುದಂತೆ, ಅಂದುಬಿಟ್ಟಳು. ಬಾಯಿಗೆ ಬಂದ ಮೊದಲ ಸುಳ್ಳು. ಎಷ್ಟು ಸಲೀಸಾಗಿ ಬಂತೆಂದರೆ ಅದನ್ನು ಆಡಿದವಳು ತಾನೇ ಅನ್ನುವುದು ಮಾರಮ್ಮ ರಸ್ತೆ ದಾಟಿದ ಮೇಲೆ ಅವಳಿಗೆ ಹೊಳೆಯಿತು.

ಅವತ್ತು ಸಂಜೆಯೇ ಕಾಗದ ಬರೆದಿದ್ದಳು. ಹಾಸನದ ಮೇಲಿನ ಕಚೇರಿಗೆ, ತನ್ನ ಕೈಬರಹದಲ್ಲಿ, ಗೆರೆ ಎಳೆದ ಹಾಳೆಯ ಮೇಲೆ. ನಂಬರ್ ತಪ್ಪಾದದ್ದು ನನ್ನಿಂದ, ಅರ್ಜಿದಾರಳಿಂದ ಅಲ್ಲ, ಎಂದು. ತಾರೀಖಿನ ಜಾಗ ಖಾಲಿ ಬಿಟ್ಟಿದ್ದಳು. ಜೂನ್ ಎಂದು ಪೆನ್ಸಿಲಿನಲ್ಲಿ ಬರೆದು ಅಳಿಸಿದಳು, ಆಗಸ್ಟ್ ಎಂದು ಬರೆದು ಅಳಿಸಿದಳು, ಅಳಿಸಿ ಅಳಿಸಿ ಆ ಜಾಗದಲ್ಲಿ ಹಾಳೆ ಸವೆದು ಬೆಳಕು ಕಾಣುವಂತಾಯಿತು. ಈ ನಡುವೆ ಗಿರಿಧರ ವಕೀಲರು ಮಾರಮ್ಮನ ಅಪೀಲು ಹಾಕಿದ್ದರು. ನಂಬರ್ ತಪ್ಪಿದ್ದಕ್ಕೆ ಆಧಾರ ಇದ್ದರೆ ಈ ಶುಕ್ರವಾರದೊಳಗೆ ಅಂಚೆಗೆ ಬಿದ್ದಿರಬೇಕು, ಆಮೇಲೆ ಬಂದದ್ದನ್ನು ನೋಡುವುದಿಲ್ಲ ಎಂದು ಕಚೇರಿಯವರು ಬರೆದಿದ್ದರು. ಹೋದ ವಾರ ಚಿಕ್ಕಲಕ್ಷ್ಮಮ್ಮ ಅವರ ಹತ್ತಿರ ಹೋಗಿ, ಯಾರದೋ ಸಂಗತಿ ಎನ್ನುವಂತೆ, ಒಬ್ಬರ ಅರ್ಜಿಯ ಮೇಲೆಯೇ ಇನ್ನೊಬ್ಬರದ್ದು ಮಾಡುವಾಗ ನಂಬರ್ ಉಳಿದುಹೋಯಿತು ಎಂದು ಟೈಪ್ ಮಾಡಿದವರೇ ತಪ್ಪೊಪ್ಪಿಕೊಂಡರೆ ನಡೆಯುತ್ತದೆಯೇ ಎಂದು ಕೇಳಿದ್ದಳು. ವಕೀಲರು ಫೈಲಿನಿಂದ ತಲೆ ಎತ್ತದೆ, ಬರೀ ಬಾಯಿಮಾತಾದರೆ ದುಡ್ಡು ಕೊಟ್ಟು ಹೇಳಿಸಿದ್ದಾರೆ ಅಂತಾರೆ, ಎರಡೂ ಅರ್ಜಿ ಒಂದರ ಮೇಲೊಂದು ಆಗಿದ್ದಕ್ಕೆ ಗುರುತು ಇದ್ದರೆ ನಡೆಯುತ್ತೆ, ಅಂದರು. ಆಮೇಲೆ, ಮಾರಮ್ಮನ್ನ ಶುಕ್ರವಾರ ನಿಮ್ಮ ಅಂಗಡಿಗೇ ಕಳಿಸ್ತೀನಿ, ಅಂತಲೂ ಅಂದರು. ಅವರಿಗೆ ಎಷ್ಟು ಅರ್ಥವಾಗಿತ್ತೋ.

ಗುರುತು ಇತ್ತು. ತೊಂಬತ್ತೊಂಬತ್ತರ ಅರ್ಜಿಗಳೆಲ್ಲ ಒಂದು ಫ್ಲಾಪಿಯಲ್ಲಿದ್ದವು. ಆದರೆ ಫ್ಲಾಪಿ ಹಾಕಿದರೆ ಡ್ರೈವು ಕಟಕಟ ಎಂದು ಹಲ್ಲು ಕಡಿಯುತ್ತಿತ್ತು. ಪರದೆಯ ಮೇಲೆ, ಈ ಫ್ಲಾಪಿಯನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಲೇ ಎಂಬ ಪ್ರಶ್ನೆ ಬರುತ್ತಿತ್ತು. ಹೌದು ಎಂದು ಒತ್ತಿದರೆ ಒಂದೂವರೆ ನಿಮಿಷದಲ್ಲಿ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ರುದ್ರಯ್ಯ ಇಲ್ಲ, ಮಾರಮ್ಮ ಇಲ್ಲ, ನೂರ ಹನ್ನೆರಡು ಇಲ್ಲ. ಡ್ರೈವು ಕೆಟ್ಟಿತ್ತು, ನಾನೇನು ಮಾಡಲಿ, ಅಂದರೆ ಯಾರೂ ಕೇಳುವವರಿರಲಿಲ್ಲ. ಸೋಮವಾರ ಅವಳ ಬೆರಳು ಆ ಗುಂಡಿಯ ಮೇಲೆ, ಒತ್ತದೆ, ಬಹಳ ಹೊತ್ತು ಕೂತಿತ್ತು. ಆಮೇಲೆ ಬೇಡ ಎಂದು ಒತ್ತಿ, ಫ್ಲಾಪಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಮಂಗಳವಾರ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಅಲ್ಲಿನ ಕಂಪ್ಯೂಟರ್ ಸೆಂಟರಿನ ಹೊಸ ಡ್ರೈವಿನಲ್ಲೂ ಅದು ಓದಲಿಲ್ಲ. ಅಲ್ಲಿದ್ದ ಹುಡುಗಿ ತನ್ಮಯಿ ಮೂರು ಕಂಪ್ಯೂಟರಿಗೆ ಹಾಕಿ ನೋಡಿ, ಫ್ಲಾಪಿಯೇ ಹೋಗಿದೆ ಅಜ್ಜಿ, ಬಿಸಾಕಿ, ಅಂದಳು. ವಾಪಸು ಬರುವ ಬಸ್ಸಿನಲ್ಲಿ ಚಿಕ್ಕಲಕ್ಷ್ಮಮ್ಮನಿಗೆ ಆದದ್ದು ದುಃಖವಲ್ಲ, ಹಗುರ. ದೇವರೇ ಮುಚ್ಚಿಹಾಕಿದ ಎನ್ನುವಂಥ ಹಗುರ. ಕಿಟಕಿಯ ಗಾಳಿಗೆ ತೂಕಡಿಕೆ ಕೂಡ ಬಂತು. ಊರು ಬಂದಾಗ ಎಚ್ಚರವಾಗಿ, ತೂಕಡಿಸಿದ್ದಕ್ಕೆ ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ ಮನೆಗೂ ಹೋಗದೆ ಎಸ್‌ಟಿಡಿ ಬೂತಿಗೆ ನಡೆದು ಹಾಸನದ ಶಿವರಾಜುವಿಗೆ ಫೋನ್ ಮಾಡಿದಳು.

ಶಿವರಾಜು ಅವಳಿಗೆ ಕಂಪ್ಯೂಟರ್ ಕೊಟ್ಟವನು, ರಿಪೇರಿಯವನು. ಶನಿವಾರದತನಕ ಬರಲು ಆಗುವುದಿಲ್ಲ ಅಂದ. ಆದರೆ ಅವನು ಹೇಳಿದ ಒಂದು ಮಾತು ಅವಳ ಹಗುರವನ್ನು ಅಲ್ಲೇ ಮುಗಿಸಿತು. "ಫ್ಲಾಪಿ ಓಗಿಲ್ಲ ಕಣಮ್ಮ. ನಿಮ್ ಡ್ರೈವಿನ ಹೆಡ್ಡು ಮೊದ್ಲಿಂದ್ಲೂ ಒಂದ್ ಕೂದ್ಲೆಳೆ ಪಕ್ಕಕ್ಕೈತೆ. ಅದು ಬರ್ದಿದ್ದನ್ನ ಅದೇ ಓದ್ಬೇಕು, ಬ್ಯಾರೆ ಯಾವ್ದೂ ಓದಕಿಲ್ಲ. ಹೊಸಾದ್ ಹಾಕ್ಸ್ಬ್ಯಾಡಿ, ಸರಿ ಮಾಡ್ಸ್ಬ್ಯಾಡಿ. ಬಿಚ್ಚಿ, ವೈರ್ ನೋಡಿ, ಸ್ಪಿರಿಟ್ನಾಗೆ ಒರೆಸಿ, ಅಷ್ಟೆಯ."

ಬುಧವಾರ, ಗುರುವಾರ ಕಳೆದುಹೋದವು. ಕೆಲಸವಿತ್ತು ಎಂದುಕೊಂಡಳು. ಇವತ್ತು ಅಂಗಡಿಯ ಬಾಗಿಲಿನ ಒಂದೇ ರೆಕ್ಕೆ ತೆರೆದು, ಕರೆಂಟ್ ತೆಗೆದು, ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿ ತಟ್ಟೆಯಲ್ಲಿ ಇಟ್ಟುಕೊಂಡಳು. ಒಳಗೆ ಧೂಳು ಬೂದಿಯಂತೆ ಕೂತಿತ್ತು. ಕಂಡದ್ದನ್ನು ಒಂದೊಂದಾಗಿ ನೋಡು, ಕಾಣದ್ದನ್ನು ಊಹಿಸಬೇಡ ಎಂದು ಗಂಗಾಧರಯ್ಯ ಮೇಷ್ಟರು ಒತ್ತಕ್ಷರ ಓದಿಸುವಾಗ ಹೇಳುತ್ತಿದ್ದರು. ಮೊದಲು ಅಗಲವಾದ ಬೂದುಬಣ್ಣದ ಪಟ್ಟಿ ವೈರು. ಕಿತ್ತು, ಊದಿ, ಮತ್ತೆ ಸಿಕ್ಕಿಸಿ ಕರೆಂಟ್ ಕೊಟ್ಟಳು. ಡ್ರೈವಿನ ಹಸಿರು ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ. ಫ್ಲಾಪಿ ಹಾಕದೆಯೂ ಉರಿಯುತ್ತಲೇ ಇತ್ತು. ಇದು ಮೊದಲಿಗಿಂತ ಕೆಟ್ಟಿತು ಎಂದುಕೊಂಡಳು. ಕರೆಂಟ್ ತೆಗೆದಳು. ಬಿಚ್ಚುವ ಮೊದಲು ಹೇಗಿತ್ತು? ಪಟ್ಟಿಯ ಒಂದಂಚಿನಲ್ಲಿ ಕೆಂಪು ಗೆರೆ ಇತ್ತು, ಆ ಗೆರೆ ಗೋಡೆಯ ಕಡೆಗಿತ್ತು. ಈಗ ತನ್ನ ಕಡೆಗಿದೆ. ತಿರುವಿ ಸಿಕ್ಕಿಸಿದಳು. ದೀಪ ಒಂದು ಸಲ ಮಿಂಚಿ ಆರಿತು, ಆರಬೇಕಾದಂತೆಯೇ. ಸರಿ, ವೈರಲ್ಲ. ಫ್ಲಾಪಿ ಹಾಕಿದಳು. ಕಟಕಟ. ಅದೇ ಪ್ರಶ್ನೆ. ಬೇಡ ಎಂದು ಒತ್ತಿದಳು. ಹಾಗಾದರೆ ಒಳಗೇ ಏನೋ ಇದೆ. ಡ್ರೈವನ್ನು ಪೆಟ್ಟಿಗೆಯಿಂದ ಕಳಚಿ, ಅಕ್ಕಿ ಮೊರದಂತೆ ಮಡಿಲಲ್ಲಿ ಇಟ್ಟುಕೊಂಡು ಮೇಲಿನ ತಗಡು ಎಬ್ಬಿಸುವಾಗ ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದರು.

ಮಾರಮ್ಮ. ಅರಕಲಗೂಡು ಕಡೆಯ ಬಸ್ಸಿನಿಂದ ಇಳಿದು ನೇರ ಬಂದಿದ್ದಳು, ಕಾಲಿನ ಮೇಲೆ ಮಂಡಿಯವರೆಗೂ ಧೂಳು. ನಿನ್ನ ಹತ್ತಿರ ಒಂದು ಕಾಗದ ಇದೆಯಂತೆ, ಇಸ್ಕೊಂಡು ಅಂಚೆಗೆ ಹಾಕು ಅಂತ ವಕೀಲರು ಕಳಿಸಿದರು, ಅಂದಳು. ಅವರೆಕಾಳು ಹಿತುಕಿದ್ದಾಯಿತೇ, ಸೊಗಡು ಹೇಗಿತ್ತು ಎಂದಳು. ಆಮೇಲೆ ಮಡಿಲಲ್ಲಿದ್ದ ಡ್ರೈವಿನ ಕಡೆ ಬಗ್ಗಿ ನೋಡಿದಳು.

"ಇದೇನಕ್ಕ, ಕೋಳಿ ಹೊಟ್ಟೆ ಬಗ್ದಂಗೆ ಬಗ್ಕಂಡ್ ಕುಂತಿದ್ದೀಯ?"

ಚಿಕ್ಕಲಕ್ಷ್ಮಮ್ಮ ನಗಬೇಕಾಗಿತ್ತು. ನಗಲಿಲ್ಲ. ಡ್ರೈವು ಸರಿಹೋದ ಮೇಲೆ ಹೇಳುವುದು, ಎರಡೂ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು ಹೇಳುವುದು ಎಂದು ಎಣಿಸಿದ್ದಳು. ಸರಿಹೋಗದಿದ್ದರೆ ಹೇಳುವುದೇ ಬೇಡವೇ ಎಂದು ಕೇಳಿಕೊಂಡಿರಲಿಲ್ಲ. ಈಗ ತಗಡು ಅರ್ಧ ಎದ್ದು ನಿಂತಿರುವಾಗ, ಸ್ಕ್ರೂಡ್ರೈವರ್ ಕೈಯಲ್ಲಿರುವಾಗ, ಆ ಪ್ರಶ್ನೆ ಬಂದಿತು. ಉತ್ತರವೂ ಜೊತೆಯಲ್ಲೇ ಬಂದಿತು.

"ಕೂತ್ಕೊ ಮಾರಮ್ಮ. ನಿನ್ ಅರ್ಜಿ ಕೆಟ್ಟಿದ್ದು ಅಳತೆಯಿಂದಲ್ಲ. ನಂಬರು ನಾನ್ ತಪ್ಪಾಕಿದ್ದು. ನಿನಗಿಂತ ಮುಂದೆ ಕೂತಿದ್ನಲ್ಲ ರುದ್ರಯ್ಯ, ಅವನ ನಂಬರು ನಿನ್ ಅರ್ಜೀಲಿ ಉಳ್ಕೊಂಡ್ತು."

ಮಾರಮ್ಮ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಎದುರಿನ ಕಚೇರಿಯಿಂದ ಯಾರದೋ ಹೆಸರನ್ನು ಮೂರು ಸಲ ಕೂಗಿದರು, ಯಾರೂ ಓಗೊಡಲಿಲ್ಲ.

"ಯಾವಾಗ್ ಗೊತ್ತಾಯ್ತು?"

ಇದೊಂದನ್ನು ಕೇಳದಿದ್ದರೆ ಸಾಕಿತ್ತು. "ನೀನು ಆರ್ಡರ್ ತಂದ್ಯಲ್ಲ, ಓದ್ವಾಗ್ಲೇ."

ಮಾರಮ್ಮ ಬೆರಳ ಗೆಣ್ಣು ಮುಟ್ಟುತ್ತಾ ತಿಂಗಳು ಎಣಿಸಿದಳು. ಎಣಿಸಿ ಮುಗಿದ ಮೇಲೂ ಹೆಬ್ಬೆರಳು ಕೊನೆಯ ಗೆಣ್ಣಿನ ಮೇಲೆಯೇ ಉಳಿಯಿತು. ಊರಲ್ಲಿ ತನ್ನನ್ನು ಸುಳ್ಳಿ ಅಂದರು ಅಂದಳು, ಧ್ವನಿ ಏರಿಸದೆ. ಪಂಚಾಯ್ತಿಯ ಕಟ್ಟೆಯ ಮೇಲೆ ಕೂತವರು, ನೂರ ಹನ್ನೆರಡಕ್ಕೂ ಕಣ್ಣಾಕಿದ್ದಳಂತೆ ನೋಡು, ಅಂದರಂತೆ. ರುದ್ರಯ್ಯನ ಹೆಂಡತಿ ಬಾವಿಯ ಹತ್ತಿರ ಮುಖ ತಿರುಗಿಸಿದಳಂತೆ. ಗಂಡ ಗುಂಡಯ್ಯ ಒಂದು ತಿಂಗಳು ಮಾತು ಬಿಟ್ಟಿದ್ದನಂತೆ.

"ವಕೀಲ್ರು ನಂಬರ್ ತಪ್ಪೈತೆ ಅಂದಾಗ, ನಾನೇ ಬಾಯ್ತಪ್ಪಿ ಯೇಳಿರ್ಬೇಕು ಅಂತ ನನ್ನ ನಾನೇ ಬಯ್ಕಂತಿದ್ದೆ. ಸರೊತ್ನಾಗೆ ಎದ್ದು ಕುಂತು ಬಯ್ಕಂತಿದ್ದೆ."

ತಪ್ಪಾಯಿತು ಎನ್ನಬೇಕೆಂದು ಚಿಕ್ಕಲಕ್ಷ್ಮಮ್ಮ ಬಾಯಿ ತೆರೆದಳು. ಆದರೆ ಮಾರಮ್ಮ ಸೊಂಟದ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು, ಆ ಆರ್ಡರನ್ನು ಬಿಡಿಸಿ ಮೇಜಿನ ಮೇಲೆ ಇಟ್ಟಿದ್ದಳು. ಮಡಿಕೆ ಬಿದ್ದಲ್ಲೆಲ್ಲ ಕಾಗದ ಹರಿದಿತ್ತು.

"ಓದಿ. ಅವತ್ತು ಬುಟ್ಟಿದ್ದೂ ಸೇರ್ಸಿ ಓದಿ."

ನೀನು ಎನ್ನುತ್ತಿದ್ದವಳು ನೀವು ಎಂದಿದ್ದಳು. ಚಿಕ್ಕಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡಳು. ರಾತ್ರಿ ಶಾಲೆಯಲ್ಲಿ ಮೊದಲ ಸಲ ಓದಿದಾಗ ಮಾಡಿದಂತೆಯೇ ತೋರುಬೆರಳನ್ನು ಸಾಲಿನ ಕೆಳಗಿಟ್ಟು, ಒಂದು ಪದವನ್ನೂ ಬಿಡದೆ ಓದಿದಳು. ಅರ್ಜಿದಾರರು ಸರ್ವೆ ನಂಬರ್ ನೂರ ಹನ್ನೆರಡರಲ್ಲಿ ಯಾವುದೇ ಸಾಗುವಳಿ ಮಾಡಿರುವುದು ಕಂಡುಬಂದಿರುವುದಿಲ್ಲ. ಅರ್ಜಿದಾರರು ಸುಳ್ಳು ಮಾಹಿತಿ ನೀಡಿರುವುದು ಸ್ಪಷ್ಟವಾಗಿರುವುದರಿಂದ ಅರ್ಜಿಯನ್ನು ವಜಾ ಮಾಡಲಾಗಿದೆ. ಸುಳ್ಳು ಎನ್ನುವಲ್ಲಿ ದನಿ ಇಳಿಯಿತು. ಮಾರಮ್ಮ, ಅದನ್ನ ಇನ್ನೊಂದ್ ಸಲ, ಅಂದಳು. ಇನ್ನೊಂದು ಸಲ ಓದಿದಳು. ಮಾರಮ್ಮ ಕಾಗದವನ್ನು ಮಡಿಸಿ ಕವರಿಗೆ ಹಾಕಿಕೊಂಡು, ಈಗ ಬಂದು ಮುರುಕು ಸ್ಟೂಲಿನ ಮೇಲೆ ಕೂತಳು. ನಿಮ್ಮ ಕೆಲಸ ಮಾಡಿ ಅಂದಳು. ಬಿಟ್ಟು ಹೋಗುವ ಲಕ್ಷಣ ಕಾಣಲಿಲ್ಲ. ಕ್ಷಮಿಸುವ ಲಕ್ಷಣವೂ ಇರಲಿಲ್ಲ.

ತಗಡು ಪೂರ್ತಿ ಎದ್ದಾಗ ಇಬ್ಬರೂ ಬಗ್ಗಿದರು. ಒಳಗೆ ಹೆಡ್ಡು ಕೂತ ಸಣ್ಣ ತೋಳು, ಅದು ಹಿಂದೆ ಮುಂದೆ ಜಾರುವ ಉಕ್ಕಿನ ಕಡ್ಡಿ, ಎಲ್ಲದರ ಮೇಲೂ ಒಂದು ಪದರ ಕೆಂಪು. ತುಕ್ಕು ಎಂದುಕೊಂಡು ಬೆರಳ ತುದಿಯಲ್ಲಿ ಮುಟ್ಟಿದಳು. ತುಕ್ಕಲ್ಲ, ಕುಂಕುಮ. ಆಯುಧಪೂಜೆ. ಅಂಗಡಿ ತೊಳೆದು, ಕಂಪ್ಯೂಟರಿಗೆ ಚೆಂಡುಹೂ ಇಟ್ಟು, ಪರದೆಗೆ ವಿಭೂತಿ ಎಳೆದು, ಡ್ರೈವಿನ ಬಾಯಿಯ ಮೇಲೆ ಧಾರಾಳವಾಗಿ ಅರಿಶಿನ ಕುಂಕುಮ ಇಟ್ಟು ಅಕ್ಷತೆ ಹಾಕಿದವಳು ತಾನೇ. ಪ್ರತಿ ವರ್ಷ ಹಾಕುತ್ತಿದ್ದಳು. ಐದು ವರ್ಷದ ಕುಂಕುಮ ಫ್ಲಾಪಿಯ ಹಿಂದೆಯೇ ಒಳಗೆ ಹೋಗಿ ಕೂತಿತ್ತು. ಈ ವರ್ಷದ ಒಂದು ಅಕ್ಕಿಕಾಳು, ಅರಿಶಿನದ ಬಣ್ಣ ಕೂಡ ಮಾಸದೆ, ಉಕ್ಕಿನ ಕಡ್ಡಿಗೂ ಹೆಡ್ಡಿನ ತೋಳಿಗೂ ನಡುವೆ ಸಿಕ್ಕಿಕೊಂಡು ತೋಳನ್ನು ಅರ್ಧದಾರಿಯಲ್ಲಿ ತಡೆದಿತ್ತು.

ಮಾರಮ್ಮ ಅದನ್ನು ನೋಡಿ, ಅವಳನ್ನು ನೋಡಿ, "ಪೂಜೆ ಜಾಸ್ತಿ ಆಗೈತೆ," ಅಂದಳು. ನಗಲಿಲ್ಲ.

ಹೂ ಕಟ್ಟುವ ಸೂಜಿಯ ತುದಿಯಿಂದ ಚಿಕ್ಕಲಕ್ಷ್ಮಮ್ಮ ಅಕ್ಕಿಕಾಳನ್ನು ಮೆಲ್ಲಗೆ ಎಬ್ಬಿಸಿದಳು. ತೋಳು ಕೂದಲೆಳೆಯಷ್ಟೂ ಅತ್ತಿತ್ತ ಬಾಗಬಾರದು. ಬಾಗಿದರೆ ಅದು ನೆಟ್ಟಗಾಗಬಹುದು, ನೆಟ್ಟಗಾದರೆ ಅದು ಬರೆದದ್ದನ್ನು ಅದೇ ಓದಲಾರದು. ಕಡ್ಡಿಗೆ ಹತ್ತಿ ಸುತ್ತಿ, ಸೂಜಿಮದ್ದು ಹಾಕುವವರು ಬಳಸುವ ಸ್ಪಿರಿಟ್ಟಿನಲ್ಲಿ ಅದ್ದಿ, ಹೆಡ್ಡನ್ನು ಒಂದೇ ದಿಕ್ಕಿಗೆ ಒರೆಸಿದಳು. ಹತ್ತಿ ಕೆಂಪಾಯಿತು. ಬದಲಿಸಿದಳು, ಮತ್ತೆ ಕೆಂಪು. ಏಳನೆಯ ಹತ್ತಿ ಬೆಳ್ಳಗೆ ಬಂತು. ಸ್ಪಿರಿಟ್ ಆರುವವರೆಗೂ ಕಾಯಬೇಕಿತ್ತು. ಗಡಿಯಾರದಲ್ಲಿ ಒಂದೂ ಕಾಲು. ಮಾರಮ್ಮ ಎಲೆ ಅಡಿಕೆ ಮೆಲ್ಲುತ್ತಾ ಬಾಗಿಲಾಚೆ ನೋಡುತ್ತಿದ್ದಳು. ಊಟ ಮಾಡುತ್ತೀಯಾ ಎಂದು ಕೇಳಬೇಕೆನಿಸಿತು. ಅವಳ ನೆಲದ ಬೇಳೆಯನ್ನು ಅವಳಿಗೇ ಬಡಿಸಿ ಒಳ್ಳೆಯವಳಾಗುವ ಆಸೆ ಅದರಲ್ಲಿ ಎಷ್ಟಿದೆ ಎಂದು ಕಂಡಿತು. ಕೇಳಲಿಲ್ಲ.

ಎಲ್ಲ ಸಿಕ್ಕಿಸಿ, ಕೆಂಪು ಗೆರೆ ಗೋಡೆಯ ಕಡೆಗಿದೆಯೇ ಎಂದು ಎರಡು ಸಲ ನೋಡಿ, ಕರೆಂಟ್ ಕೊಟ್ಟಳು. ಫ್ಲಾಪಿ ಹಾಕಿದಳು. ಕಟ, ಎಂದು ಒಂದು ಸಲ. ಚಿಕ್ಕಲಕ್ಷ್ಮಮ್ಮ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿರುವಾಗಲೇ, ಗುಜ್ಜ್ ಗುಜ್ಜ್ ಎಂದು, ಹೊಟ್ಟು ಕೇರುವ ಮೊರದಂತೆ ಒಂದೇ ಸಮನಾದ ಸದ್ದು ಕೇಳಿಸಿತು. ಕಣ್ಣು ತೆರೆದಾಗ ಪರದೆಯ ಮೇಲೆ ತೊಂಬತ್ತೊಂಬತ್ತರ ಹೆಸರುಗಳು ಒಂದರ ಕೆಳಗೊಂದು ನಿಂತಿದ್ದವು. ರುದ್ರಯ್ಯನ ಫೈಲು ಉಳಿಸಿದ್ದು ಎರಡು ಗಂಟೆ ಹತ್ತು ನಿಮಿಷಕ್ಕೆ. ಮಾರಮ್ಮನದು ಎರಡು ಗಂಟೆ ಹದಿನಾರು ನಿಮಿಷಕ್ಕೆ. ಆರು ನಿಮಿಷ. ಅಷ್ಟರಲ್ಲಿ ಒಬ್ಬ ಹೆಂಗಸಿನ ಎರಡು ಎಕರೆ ಕಾಣೆಯಾಗಿತ್ತು.

ಎರಡೂ ಅರ್ಜಿಯನ್ನು ತೆಗೆದಳು. ಪ್ರಿಂಟರು ಕಿರಗುಟ್ಟುತ್ತಾ ಸಾಲು ಸಾಲಾಗಿ ಹೊರಗೆ ತಳ್ಳಿತು. ನಾಲ್ಕನೇ ಸಾಲಿನಲ್ಲಿ ಇಬ್ಬರದ್ದೂ ನೂರ ಹನ್ನೆರಡು, ಕೆಳಗಿನ ಚೆಕ್ಕುಬಂದಿ ಮಾತ್ರ ಬೇರೆ ಬೇರೆ. ಮಾರಮ್ಮನದರಲ್ಲಿ ನಲವತ್ತೇಳರ ಬೇಲಿ, ಹಳ್ಳ, ಕಲ್ಲು, ಎಲ್ಲವೂ ಸರಿಯಾಗಿದ್ದವು. ಅವಳು ಹೇಳಿದ್ದು ಹೇಳಿದಂತೆಯೇ ಇತ್ತು. ಅದನ್ನು ಜೋರಾಗಿ ಓದಿ ಕೇಳಿಸಿದಾಗ ಮಾರಮ್ಮ, ಪಡುವಲಿಗೆ ಹಳ್ಳ, ಹೂಂ, ಅಂದಳು. ಅಂದು ಸೆರಗಿನಿಂದ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡಳು.

ಹಳೆಯ ಕಾಗದವನ್ನು ಹೊರಗೆ ತೆಗೆದಳು. ತಾರೀಖಿನ ಜಾಗದಲ್ಲಿ ಪೆನ್ನು ಇಟ್ಟರೆ ಹರಿಯುತ್ತದೆ. ಹೊಸ ಹಾಳೆಯ ಮೇಲೆ, ಕಂಪ್ಯೂಟರಿನಲ್ಲಲ್ಲ, ಕೈಯಲ್ಲಿ, ಮೊದಲ ಸಾಲಿನಿಂದ ಬರೆದಳು. ಎಂಟು ತಿಂಗಳ ಹಿಂದಿನ ಕಾಗದದಲ್ಲಿ ಇಲ್ಲದ ಒಂದು ಸಾಲು ಸೇರಿತು: ಈ ತಪ್ಪು ನನಗೆ ಎಂಟು ತಿಂಗಳ ಹಿಂದೆಯೇ ತಿಳಿದಿತ್ತು, ಅರ್ಜಿದಾರಳಿಗೆ ನಾನು ಸುಳ್ಳು ಓದಿ ಹೇಳಿದೆನು. ಇದು ಬೀದಿಯವರಿಗೆ ತಿಳಿದರೆ ನಾಳೆಯಿಂದ ಈ ಸ್ಟೂಲಿನ ಮೇಲೆ ಯಾರು ಕೂರುತ್ತಾರೆ ಎಂಬ ಯೋಚನೆ ಬಂದಿತು. ಬಂದದ್ದನ್ನು ಅದರ ಪಾಡಿಗೆ ಬಿಟ್ಟು ಬರೆದಳು. ಆ ದಿನದ ಅರ್ಜಿಗೆ ನಾನು ಬಿಕ್ಕಲಂ ಹಾಕಿರುವುದಿಲ್ಲ, ಬರೆದವಳು ನಾನೇ. ಕೆಳಗೆ ರುಜು, ಪೂರ್ತಿ ಹೆಸರು, ಇವತ್ತಿನ ತಾರೀಖು. ಮಾರಮ್ಮನಿಗೆ ಓದಿ ಹೇಳಿದಳು. ಅವಳು ಎಲ್ಲವನ್ನೂ ಕೇಳಿ, ಹಾಳೆಯನ್ನು ಈಸಿಕೊಂಡು, ಓದಬಲ್ಲವಳಂತೆ ಮೇಲಿನಿಂದ ಕೆಳಗಿನವರೆಗೂ ನಿಧಾನವಾಗಿ ನೋಡಿದಳು. ಆಮೇಲೆ ಚಿಕ್ಕಲಕ್ಷ್ಮಮ್ಮ ಅದನ್ನು ಎರಡೂ ಅರ್ಜಿಯ ಜೊತೆ ಒಂದೇ ಕವರಿಗೆ ಹಾಕಿ ಅಂಟಿಸಿದಳು.

ಅಂಚೆ ಕಚೇರಿಗೆ ಹೋಗುವ ದಾರಿಯಲ್ಲಿ ಮಾರಮ್ಮ ಎರಡು ಹೆಜ್ಜೆ ಮುಂದೆ ನಡೆದಳು, ತಿರುಗಿ ನೋಡುತ್ತಾ, ಹಿಂದಿನವಳು ಬರುತ್ತಿದ್ದಾಳೆಯೇ ಎಂದು. ಕೌಂಟರಿನ ಲಕ್ಷ್ಮೀನರಸಿಂಹ ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಲೆಡ್ಜರು ಎತ್ತಿಡುತ್ತಿದ್ದ. ಕವರು ತೂಗಿ, ಹಿಂದೆ ಮುಂದೆ ತಿರುವಿ, ಇಂದ ಎಂಬಲ್ಲಿ ಬರೆದದ್ದನ್ನು ಓದಿದ.

"ಏನ್ ಟೈಪಕ್ಕ, ಇಷ್ಟ್ ವರ್ಷ ಊರ್ನೋರ್ದೆಲ್ಲ ತಂದ್ಕೊಟ್ರಿ. ಇವತ್ತೇನು ನಿಮ್ದೇ?"

"ನಂದೇ," ಅಂದಳು.

ಅವನು ಮುದ್ರೆ ಹೊಡೆದ. ಒಂದು ಸಲ ಸರಿಯಾಗಿ ಮೂಡಲಿಲ್ಲವೆಂದು ಮಸಿಗೆ ಒತ್ತಿ ಇನ್ನೊಂದು ಸಲ ಹೊಡೆದ. ಮಾರಮ್ಮ ಕಂಬಿಯ ಕಿಂಡಿಯಲ್ಲಿ ಮುಖವಿಟ್ಟು ಕವರನ್ನೇ ನೋಡುತ್ತಿದ್ದಳು.

"ಇನ್ನ ವಾಪಸ್ ಈಸ್ಕಳಾಕ್ ಆಗಕಿಲ್ವ ಸಾ?"

"ಒಳಗ್ ಬಿದ್ಮೇಲೆ ಆಗಲ್ಲಮ್ಮ. ಯಾಕೆ, ಬೇಕಾ?"

ಮಾರಮ್ಮ ಚಿಕ್ಕಲಕ್ಷ್ಮಮ್ಮನ ಕಡೆಗೆ ತಿರುಗಿದಳು. ಬೆಳಗಿನಿಂದ ಮೊದಲ ಸಲ ಅವಳ ಬಾಯಿಯನ್ನಲ್ಲ, ಕಣ್ಣನ್ನು ನೋಡುತ್ತಿದ್ದಳು.

"ಹಾಕಿ ಸ್ವಾಮಿ," ಅಂದಳು ಚಿಕ್ಕಲಕ್ಷ್ಮಮ್ಮ.

ಲಕ್ಷ್ಮೀನರಸಿಂಹ ಹಿಂದೆ ತಿರುಗದೆ, ಅಭ್ಯಾಸದ ಕೈಯಲ್ಲಿ, ಕವರನ್ನು ಹಾಸನದ ಚೀಲಕ್ಕೆ ಎಸೆದ.